ಬೆಳಗಿನ ಏಳು ಗಂಟೆಯ ಮಳೆಲೆಕ್ಕ

"ಎಪ್ಪತ್ತು ಸೆಂಟು."

ಫೋನ್ ಎತ್ತಿದ ಮನೆಯೊಡತಿ ಜಯಮ್ಮ ಆಡಿದ ಮೊದಲ ಮಾತು ಅದು. ನಮಸ್ಕಾರ ಇಲ್ಲ, ಆರಾಮ ಇದ್ದೀರಾ ಎಂಬುದಿಲ್ಲ. ಆ ಕಡೆಯವರೂ ಒಂದು ಸಂಖ್ಯೆ ಹೇಳಿರಬೇಕು. "ಅಷ್ಟೇನಾ? ಸರಿ, ಇಡ್ತೀನಿ" ಎಂದು ಇಟ್ಟರು. ಕೊಡಗಿನ ಸುಂಟಿಕೊಪ್ಪದಲ್ಲಿ ನನ್ನ ಮೊದಲ ಬೆಳಗು ಅದು. ಚೀಲ ಇನ್ನೂ ಬಿಚ್ಚಿರಲಿಲ್ಲ.

ಸೆಂಟು ಎಂದರೆ ಮಳೆ. ಇಂಚಿನ ನೂರರಲ್ಲಿ ಒಂದು ಪಾಲು. ಇಲ್ಲಿ ತೋಟವಿದ್ದವರು ಬೆಳಿಗ್ಗೆ ಏಳಕ್ಕೆ ಅಂಗಳದ ಮಾಪಕದಲ್ಲಿ ನಿಂತ ನೀರನ್ನು ಗಾಜಿನ ಅಳತೆಗೆ ಸುರಿದು ನೋಡುತ್ತಾರೆ, ಆಮೇಲೆ ಒಬ್ಬರಿಗೊಬ್ಬರು ಫೋನ್ ಮಾಡುತ್ತಾರೆ. ನಮ್ಮ ವಿಜಯಪುರದ ಕಡೆ ಮಳೆಯಾದರೆ ಹೊಲಕ್ಕೆ ಹೋಗಿ, ನೆಲ ಕೆದರಿ, ಎಷ್ಟು ಗೇಣು ಹಸಿಯಾಗಿದೆ ಎಂದು ನೋಡುತ್ತೇವೆ. ನಮ್ಮಲ್ಲಿ ಮಳೆ ನೆಲದೊಳಗೆ ಇಳಿದ ಮೇಲೆ ಲೆಕ್ಕಕ್ಕೆ ಬರುತ್ತದೆ. ಇಲ್ಲಿ ನೆಲ ಮುಟ್ಟುವ ಮೊದಲೇ.

ಜಯಮ್ಮನ ಹಿರಿಯರು ಹಾಸನದ ಕಡೆಯಿಂದ ಬಂದವರು. ಮನೆಯ ಹಿಂದಿನ ಕೋಣೆಯನ್ನು ಅವರು ನನಗೆ ಬಾಡಿಗೆಗೆ ಕೊಟ್ಟಿದ್ದರು. ಮಳೆಗಾಲ ಮುಗಿಯುವ ಹೊತ್ತಿಗೆ ನನ್ನ ಚಪ್ಪಲಿ, ಬೆಲ್ಟು, ಪದವಿ ಪ್ರಮಾಣಪತ್ರದ ಚೌಕಟ್ಟು ಎಲ್ಲಕ್ಕೂ ಬೂಷ್ಟು ಹಿಡಿದಿತ್ತು. ಜೋಳದ ರೊಟ್ಟಿ ತಟ್ಟುವ ಸದ್ದು ಕೇಳಿ ಜಯಮ್ಮ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ನನ್ನ ಮಾತು ಅವರಿಗೆ ಅದಕ್ಕಿಂತ ದೊಡ್ಡ ಸದ್ದು. "ನೀನು ಫೋನಲ್ಲಿ ಅಮ್ಮನ ಹತ್ರ ಜಗಳ ಆಡ್ತಿದ್ಯಾ, ಮಾತಾಡ್ತಿದ್ಯಾ, ಒಂದೂ ಗೊತ್ತಾಗಲ್ಲ ಮಗ." ಪೇಟೆಯಲ್ಲಿ ಒಬ್ಬ ಅಂಗಡಿಯವನು ಮಲಯಾಳ, ತಮಿಳು, ಕೊಡವ ತಕ್ಕು, ಅರೆಭಾಷೆಗಳನ್ನು ಒಂದೇ ಉಸಿರಿನಲ್ಲಿ ಆಡುತ್ತಿದ್ದ. ನನ್ನ ಕನ್ನಡಕ್ಕೆ ಮಾತ್ರ ತಲೆ ಎತ್ತಿ, "ಏನಂದ್ರಿ?" ಎನ್ನುತ್ತಿದ್ದ. ಹೀಗಾಗಿ ಕೆಲವು ತಿಂಗಳು ಬೇಕಾದಷ್ಟೇ ಮಾತಾಡಿದೆ. ಅದರಿಂದ ನನಗೇನೂ ಕಷ್ಟವಾಗಲಿಲ್ಲ. ಭಾನುವಾರಗಳು ಮಾತ್ರ ಉದ್ದವಾಗಿದ್ದವು.

ನಾನು ಬಂದದ್ದು ಪೂವಯ್ಯ ಅವರ ಕಾರ್ಯಾಗಾರಕ್ಕೆ. ತೋಟದ ಪಂಪು ರಿಪೇರಿಯಿಂದ ಶುರುಮಾಡಿದ ಅವರು ಈಗ ಮಳೆ ಅಳೆದು ತಾನೇ ನೆನಪಿಟ್ಟುಕೊಳ್ಳುವ ಪುಟ್ಟ ಯಂತ್ರ ಮಾಡುತ್ತಾರೆ. ಆ ನೆನಪು ಒಂದು ಫ್ಲಾಶ್ ಮೆಮೊರಿ ಚಿಪ್ಪು; ಕರೆಂಟು ಹೋದರೂ ಬರೆದದ್ದು ಅಳಿಯುವುದಿಲ್ಲ. ಯಂತ್ರದ ಪ್ರೊಸೆಸರಿಗೂ ಈ ಚಿಪ್ಪಿಗೂ ನಡುವೆ ನಿಂತು ಮಾತು ದಾಟಿಸುವ ತಂತ್ರಾಂಶಕ್ಕೆ ಡ್ರೈವರ್ ಎನ್ನುತ್ತಾರೆ. ಅದನ್ನು ಬರೆಯುವುದು ನನ್ನ ಕೆಲಸ. ಪ್ರೊಸೆಸರು ಇಂಥ ಜಾಗದಲ್ಲಿ ಏನಿದೆ ಎಂದು ಕೇಳುತ್ತದೆ. ಚಿಪ್ಪು ಹುಡುಕಿ ಕೊಡಲು ಒಂದಿಷ್ಟು ಹೊತ್ತು ಬೇಕು, ಸೆಕೆಂಡಿನ ಕೋಟಿ ಪಾಲಿನ ಲೆಕ್ಕದ ಹೊತ್ತು. ಪ್ರೊಸೆಸರಿನ ಗಡಿಯಾರದ ಎಷ್ಟು ಮಿಡಿತ ಕಾದು ಉತ್ತರ ತೆಗೆದುಕೊಳ್ಳಬೇಕು ಎಂದು ಡ್ರೈವರ್ ಹೇಳಬೇಕು. ಬೇಗ ಕೈ ಚಾಚಿದರೂ ಕೈ ಖಾಲಿಯಾಗಿ ಬರುವುದಿಲ್ಲ. ಏನೋ ಒಂದು ಸಂಖ್ಯೆ ಬರುತ್ತದೆ. ಅಪಾಯ ಇರುವುದೇ ಅಲ್ಲಿ.

ಕಾಫಿ ಹೂವರಳಿಸುವ ಹೂಮಳೆಯ ಕಾಲ ಹತ್ತಿರವಾದಾಗ ಪಾಲಿಬೆಟ್ಟದ ಒಂದು ಎಸ್ಟೇಟಿಗೆ ನಮ್ಮ ಯಂತ್ರಗಳು ಹೋದವು. ಒಂದು ಬಂಗಲೆಯ ಬಳಿ, ಗಾಜಿನ ಮಾಪಕದ ಪಕ್ಕದಲ್ಲೇ. ಉಳಿದವು ಬ್ಲಾಕು ಎಂದು ಕರೆಯುವ, ತೋಟದ ದೂರದ ಭಾಗಗಳಲ್ಲಿ. ವಾರ ಕಳೆಯುವುದರೊಳಗೆ ಅಲ್ಲಿನ ರೈಟರ್, ಅಂದರೆ ಲೆಕ್ಕ ನೋಡುವ ಲೋಕೇಶ, ಫೋನ್ ಮಾಡಿದರು.

"ಮೇಡಂ, ನಿಮ್ಮ ಮಿಷನ್ ಪ್ರಕಾರ ನಿನ್ನೆ ಒಂಬತ್ತು ಇಂಚು ಮಳೆ. ನಾವೆಲ್ಲ ತೇಲ್ತಾ ಇದ್ದೇವೆ. ಒಂದು ದೋಣಿ ಕಳ್ಸಿ."

ಹಿಂದಿನ ದಿನ ಹನಿಯೂ ಬಿದ್ದಿರಲಿಲ್ಲ. ಮಧ್ಯಾಹ್ನ ನೋಡಿದರೆ ಅದೇ ಯಂತ್ರ ಸರಿಯಾಗಿ ಸೊನ್ನೆ ತೋರಿಸಿತು. ಮರುದಿನ ಬೆಳಿಗ್ಗೆ ಮತ್ತೆ ಪ್ರವಾಹ.

"ಥಂಡಿ ಹೊಡೆದಿರ್ತದೆ ಮಾರಾಯ್ತಿ" ಎಂದರು ಪೂವಯ್ಯ. "ಈ ಊರಲ್ಲಿ ಕಬ್ಬಿಣಕ್ಕೂ ಶೀತ ಆಗ್ತದೆ." ಶೂ ಡಬ್ಬಿಗಳಲ್ಲಿ ಬರುವ, ತೇವ ಹೀರುವ ಪೊಟ್ಟಣಗಳನ್ನು ಪೇಟೆಯೆಲ್ಲ ಬೇಡಿ ತಂದು ಯಂತ್ರದೊಳಗೆ ತುಂಬಿದರು. ಏನೂ ಬದಲಾಗಲಿಲ್ಲ.

ನಗು ಅಲ್ಲಿಗೆ ನಿಂತಿತು. ಹೂಮಳೆ ಇಂಚಿನಷ್ಟು ಬಿದ್ದರೆ ಕಾಫಿಯ ಮೊಗ್ಗು ಅರಳುತ್ತದೆ. ಅರ್ಧಕ್ಕೇ ನಿಂತರೆ ಮೊಗ್ಗು ಕೆಡುತ್ತದೆ, ಉಳಿದದ್ದನ್ನು ಸ್ಪ್ರಿಂಕ್ಲರಿನಿಂದ ತುಂಬಬೇಕು. ಆ ತೋಟದ ಕೆರೆಯಲ್ಲಿ ಇಡೀ ತೋಟಕ್ಕೆ ಸಾಲುವಷ್ಟು ನೀರಿರಲಿಲ್ಲ. ಯಾವ ಬ್ಲಾಕಿಗೆ ಹಾಯಿಸಬೇಕು ಎಂದು ಯಂತ್ರ ಹೇಳಬೇಕಿತ್ತು. "ಮೊದಲ ಹೂಮಳೆಗೆ ತಪ್ಪು ಹೇಳಿದ್ರೆ ಎಲ್ಲ ವಾಪಸ್ ಬರ್ತದೆ" ಎಂದರು ಪೂವಯ್ಯ. "ಆಮೇಲೆ ನಾನು ಪಂಪೇ ರಿಪೇರಿ ಮಾಡ್ಬೇಕು. ನಿಂಗೆ ಕೊಡ್ಲಿಕ್ಕೆ ನನ್ನತ್ರ ಕೆಲಸ ಇರೂದಿಲ್ಲ." ಅದೇ ವಾರ ವಿಜಯಪುರದ ಕಾಲೇಜೊಂದರಿಂದ ಉಪನ್ಯಾಸಕಿಯ ಕೆಲಸಕ್ಕೆ ಕರೆ ಬಂದಿತ್ತು. ಬರುತ್ತೀಯೋ ಇಲ್ಲವೋ ಎಂದು ಅವ್ವ ದಿನವೂ ಕೇಳುತ್ತಿದ್ದಳು.

ನನ್ನ ಮೇಜಿನ ಮೇಲೆ ಯಂತ್ರ ಒಮ್ಮೆಯೂ ತಪ್ಪಿರಲಿಲ್ಲ. ಮೇಜಿನ ಮೇಲೆ ಅದಕ್ಕೆ ಗೋಡೆಯ ಕರೆಂಟು; ತೋಟದಲ್ಲಿ ಬಿಸಿಲಿನಿಂದ ತುಂಬಿಕೊಳ್ಳುವ ಬ್ಯಾಟರಿ. ಬೇರೆ ಯಾವ ಊರಿನವರಾದರೂ ಮಳೆಯ ಲೆಕ್ಕವನ್ನು ತಿಂಡಿಯಾದ ಮೇಲೆ ನೋಡುತ್ತಿದ್ದರು. ಕೊಡಗು ನೋಡುವುದು ಏಳಕ್ಕೆ, ರಾತ್ರಿಯಿಡೀ ದುಡಿದ ಬ್ಯಾಟರಿ ತೀರಾ ಸೊರಗಿರುವ ಹೊತ್ತಿನಲ್ಲಿ. ಶಕ್ತಿ ಕಡಿಮೆಯಾದರೆ ಚಿಪ್ಪು ಉತ್ತರಿಸುವುದು ತುಸು ತಡ. ನನ್ನ ಡ್ರೈವರ್ ಅದಕ್ಕೂ ಮೊದಲೇ ಕೈ ಚಾಚುತ್ತಿರಬೇಕು.

ಬ್ಯಾಟರಿ ಹಾಕಿದ ಯಂತ್ರವೊಂದನ್ನು ಜಯಮ್ಮನ ಜಗಲಿಯಲ್ಲಿ ಇಟ್ಟು ಮಲಗಿದೆ. ಬೆಳಿಗ್ಗೆ ಶಾಲು ಹೊದ್ದು ಅದರ ಮುಂದೆ ಕೂತಾಗ ಅವರು ಕಾಫಿ ತಂದರು. "ಮದುವೆ ಗಂಡಿನ ಮುಖಾನೂ ಹಿಂಗೆ ನೋಡಲ್ಲ ಕಣೆ ಯಾರೂ."

ಯಂತ್ರ ಸುಳ್ಳು ಹೇಳಿತು. ನನಗೆ ಅಷ್ಟು ಸಂತೋಷ ಆ ಊರಿನಲ್ಲಿ ಮೊದಲ ಸಲ ಆಗಿತ್ತು.

ಒಂದು ಮಿಡಿತ ಹೆಚ್ಚು ಕಾಯುವಂತೆ ಬರೆದಿದ್ದರೆ ಆ ಯಂತ್ರ ಸರಿಹೋಗುತ್ತಿತ್ತು. ಆದರೆ ಚಿಪ್ಪಿನಿಂದ ಚಿಪ್ಪಿಗೆ ವ್ಯತ್ಯಾಸ ಇರುತ್ತದೆ. ಹಾಗಾಗಿ ಓದುವ ಮೊದಲು ಪ್ರತಿ ಸಲವೂ ಯಂತ್ರ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವಂತೆ ಮಾಡಿದೆ. ಮೊದಲೇ ಬರೆದಿಟ್ಟ, ಗೊತ್ತಿರುವ ಸಂಖ್ಯೆಯೊಂದನ್ನು ಬೇರೆ ಬೇರೆ ಹೊತ್ತು ಕಾದು ಓದಿ ನೋಡುತ್ತದೆ. ಯಾವ ಯಾವ ಕಾಯುವಿಕೆಗೆ ಸರಿಯುತ್ತರ ಬಂತೋ ಅವುಗಳಲ್ಲಿ ಅಂಚಿನದನ್ನು ಬಿಟ್ಟು ನಡುವಿನದನ್ನು ಆರಿಸಿಕೊಳ್ಳುತ್ತದೆ. ಪಾಲಿಬೆಟ್ಟಕ್ಕೆ ಹೋಗಿ ಅಲ್ಲಿನ ಯಂತ್ರಗಳಿಗೆಲ್ಲ ಹೊಸ ಡ್ರೈವರ್ ತುಂಬಿ ಬಂದೆ.

ಮಾರ್ಚಿನ ಒಂದು ಸಂಜೆ ಗುಡುಗಿತು. ದಿನವೆಲ್ಲ ಮೋಡವಿದ್ದುದರಿಂದ ಬ್ಯಾಟರಿ ತುಂಬಿರಲಿಲ್ಲ. ಇದಕ್ಕಿಂತ ಕಠಿಣ ಪರೀಕ್ಷೆಯನ್ನು ನಾನೇ ಬೇಕೆಂದರೂ ಒಡ್ಡಲಾಗುತ್ತಿರಲಿಲ್ಲ. ಬೆಳಿಗ್ಗೆ ಲೋಕೇಶ ಫೋನ್ ಮಾಡಿದಾಗ ನಾನು ಕಾರ್ಯಾಗಾರದ ಮೆಟ್ಟಿಲಲ್ಲಿದ್ದೆ.

"ಬಂಗಲೆ ಹತ್ರ ಗಾಜಲ್ಲಿ ಒಂದು ಇಂಚು ಹತ್ತು. ನಿಮ್ಮದು ಒಂದು ಇಂಚು ಒಂಬತ್ತು."

"ಕೆಳಗಿನ ಬ್ಲಾಕು?"

"ನಲವತ್ತೇ ಸೆಂಟು ತೋರಿಸ್ತದೆ. ನಂಬೂದಾ ಮೇಡಂ? ತಪ್ಪಿದ್ರೆ ಮತ್ತೆ ಹಾಯ್ಸಲಿಕ್ಕೆ ನೀರಿಲ್ಲ ನಮ್ಮತ್ರ."

"ನಂಬಿ. ಪಂಪು ಅಲ್ಲಿಗೇ ಹಾಕ್ರಿ."

ಅಷ್ಟು ಜೋರಾಗಿ ಹೇಳಿದೆ ಎಂದು ನನಗೆ ತಿಳಿಯಲಿಲ್ಲ. ಪೂವಯ್ಯ ಒಳಗಿನಿಂದ ಹೊರಗೆ ಬಂದರು. ಪಂಪು ಓಡಿತು. ಹತ್ತು ದಿನದಲ್ಲಿ ಕೆಳಗಿನ ಬ್ಲಾಕು ಹೂಬಿಟ್ಟು ಮೇಲಿನದರಷ್ಟೇ ಬೆಳ್ಳಗಾಯಿತು. ಆ ಸಾಲುಗಳ ನಡುವೆ ನಿಂತು ಲೋಕೇಶ ಎಲ್ಲ ಬ್ಲಾಕುಗಳಿಗೂ ಯಂತ್ರ ಬೇಕೆಂದರು. ಮಲ್ಲಿಗೆಯಂಥ ಆ ಪರಿಮಳದಲ್ಲಿ ಪೂವಯ್ಯ ನನಗೆ ಕೇಳುವಂತೆ ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದರು: "ಇಲ್ಲ ಇಲ್ಲ, ಹೊರಗಿಂದ ತರ್ಸಿದ್ದಲ್ಲ. ನಮ್ಮ ಹುಡುಗಿ ಬರೆದದ್ದು."

ಮರುದಿನ ಬೆಳಿಗ್ಗೆ ಕಾಲೇಜಿಗೆ ಬರಲಾಗುವುದಿಲ್ಲವೆಂದು ಪತ್ರ ಕಳುಹಿಸಿದೆ. ಹೊಸ ಯಂತ್ರಗಳಿಗೆ ಜಾಗ ಗುರುತಿಸಲು ಪಾಲಿಬೆಟ್ಟಕ್ಕೆ ಹೋಗಬೇಕಿತ್ತು. ಅಲ್ಲಿಯ ದಾರಿಯಲ್ಲಿರುವ ಸಿದ್ದಾಪುರದ ಬಸ್ಸಿಗೆ ಕಾಯುತ್ತ ಅವ್ವನಿಗೆ ಫೋನ್ ಮಾಡಿ ಎಲ್ಲ ಹೇಳಿದೆ.

"ಛಲೋ ಆತು ಬಿಡು" ಎಂದಳು. ಆಮೇಲೆ, "ಹಂಗಾರ ಅಲ್ಲಿಯಾಕಿನ ಆದೀ ಅನ್ನು."

"ಇಲ್ಲವ್ವಾ, ಇಲ್ಲಿಯಾಕಿ ಇನ್ನೂ ಆಗಿಲ್ಲ."

"ಮತ್ತ ಎಲ್ಲಿಯಾಕಿ?"

ಬಸ್ಸು ಬಂತು ಎಂದು ಹೇಳಿ ಫೋನ್ ಇಟ್ಟೆ. ಬಸ್ಸು ಬಂದಿರಲಿಲ್ಲ. ಅದು ಬರುವವರೆಗೂ ಯಂತ್ರದ ಚೀಲವನ್ನು ಎದೆಗೆ ಅಪ್ಪಿಕೊಂಡು ರಸ್ತೆಯ ಬದಿಯಲ್ಲಿ ನಿಂತಿದ್ದೆ.