ಬರ್ತೀನಿ ಅಂದಳು, ಸರಿ ಅಂದೆ

ಮಾಚು ಪಿಚ್ಚುವಿನ ಗೇಟಿನ ಮುಂದೆ ನಿಂತು ನಾನು ಬಸ್ಸು ಕಾಯುತ್ತಿದ್ದೆ.

ನಗಬೇಡಿ. ಪ್ರಪಂಚದ ಮೂಲೆಮೂಲೆಯಿಂದ ಜನ ಆ ಗೇಟಿನ ಒಳಗೆ ಹೋಗುವುದಕ್ಕೆಂದು ಬರುತ್ತಾರೆ. ನಾನು ಒಳಗಿಂದ ಆಚೆ ಬಂದು, ಚಿಕ್ಕಬಳ್ಳಾಪುರದ ಬಸ್ ಸ್ಟ್ಯಾಂಡಿನಲ್ಲಿ ಚಿಂತಾಮಣಿ ಬಸ್ಸಿಗೆ ನಿಂತ ಹಾಗೆ, ರಸ್ತೆಗೆ ಮುಖ ಮಾಡಿಕೊಂಡು ನಿಂತಿದ್ದೆ. ಕೆಳಗಿನ ಊರಿನಿಂದ ತಿರುವು ಸುತ್ತಿಕೊಂಡು ಬಸ್ಸು ಬರುತ್ತಿತ್ತು. ಬಾಗಿಲು ತೆರೆಯುತ್ತಿತ್ತು. ಟೋಪಿಯವರು, ಕ್ಯಾಮೆರಾದವರು, ಕೈಯಲ್ಲಿ ಕೋಲು ಹಿಡಿದವರು ಇಳಿಯುತ್ತಿದ್ದರು. ಸಲ್ವಾರಿನ ಮೇಲೆ ಸ್ವೆಟರು, ಸ್ವೆಟರಿನ ಮೇಲೆ ಶಾಲು ಹೊದ್ದ ನಮ್ಮಕ್ಕ ಮಾತ್ರ ಇಳಿಯಲಿಲ್ಲ.

ಮೊದಲಿಂದ ಹೇಳುತ್ತೇನೆ.

ಈಚೆಗೆ ಅಂಕಣ ಯಾಕೆ ಕಾಣಲಿಲ್ಲ, ಹುಷಾರಿಲ್ವಾ ಅಂತ ತರಕಾರಿ ಮಾರ್ಕೆಟ್ಟಿನಲ್ಲಿ ಕೆಲವರು ಕೇಳಿದಿರಿ. ಹುಷಾರಾಗಿಯೇ ಇದ್ದೆ. ಪೆರುವಿಗೆ ಹೋಗಿದ್ದೆ. (ಎದುರು ಮನೆಯಾಕೆ ಇದನ್ನು ನಮ್ಮೂರ ಪಕ್ಕದ ಪೆರೇಸಂದ್ರ ಅಂತ ಕೇಳಿಸಿಕೊಂಡು, "ಅಲ್ಲಿಗೆ ಹೋಗಕ್ಕೆ ಪಾಸ್‌ಪೋರ್ಟ್ ಯಾಕ್ರೀ?" ಅಂದರು.)

ಹೋಗಬೇಕೆಂದು ಹೊರಟವಳು ನಾನಲ್ಲ, ಅಕ್ಕ. ಚಿಂತಾಮಣಿಯ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವ ವನಜಾ ಮಿಸ್ಸು. ಪಠ್ಯಪುಸ್ತಕದಲ್ಲಿ ಇಂಕಾ ಜನರ ಬಗ್ಗೆ ಇರುವುದು ಒಂದೇ ಪ್ಯಾರಾ. ಅಕ್ಕ ಅದನ್ನೇ ಇಡೀ ಪೀರಿಯಡ್ ಮಾಡುತ್ತಿದ್ದಳು. ಮನೆಯಿಂದ ಒಂದು ಆಲೂಗಡ್ಡೆ ತಂದು ಮೇಜಿನ ಮೇಲೆ ಇಡುವಳು. "ಇದರ ತವರುಮನೆ ಯಾವೂರು ಹೇಳಿ ನೋಡೋಣ?" ಮಕ್ಕಳು ಒಟ್ಟಾಗಿ "ಚಿಕ್ಕಬಳ್ಳಾಪುರ ಮಿಸ್" ಅನ್ನುವರು. (ತಪ್ಪೇನು? ನಮ್ಮ ಸುತ್ತಮುತ್ತಲ ಹೊಲಗಳಲ್ಲಿ ಕಾಣುವುದು ಅದೇ ತಾನೆ.) "ಅಲ್ಲ, ಪೆರು" ಅನ್ನುವಳು ಅಕ್ಕ. ಅಲ್ಲಿಂದ ಶುರು. ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂರಿಸಿದ ಗೋಡೆ, ಬೆಟ್ಟದ ಬೆನ್ನಿನ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಹೊಲ, ಮೋಡದೊಳಗೆ ಬಚ್ಚಿಟ್ಟುಕೊಂಡ ಊರು. ಎಲ್ಲವನ್ನೂ ಬೋರ್ಡಿನ ಮೇಲೆ ಬಿಡಿಸುವಳು. ಬೆಲ್ ಹೊಡೆದರೂ ಮಕ್ಕಳು ಏಳುತ್ತಿರಲಿಲ್ಲವಂತೆ.

ಪ್ರತಿ ವರ್ಷ ಯಾರಾದರೊಬ್ಬಳು ಕೇಳಿಯೇ ಕೇಳುವಳು. "ಮಿಸ್, ನೀವು ನೋಡಿದೀರಾ?"

"ಇಲ್ಲ ಕಣಮ್ಮ. ನೋಡ್ತೀನಿ."

ಹಾಗೆ ಹೇಳಿ ಹೇಳಿ ಅವಳ ತಲೆ ಬೆಳ್ಳಗಾಯಿತು. ಆಮೇಲೊಂದು ದಿನ ಫೋನು ಮಾಡಿದಳು. ಬೆಂಗಳೂರಿನಿಂದ ಒಂದು ಗುಂಪು ಹೊರಡುತ್ತಿದೆ, ಗೈಡು, ಟೆಂಟು, ಊಟ ಎಲ್ಲಾ ಅವರದೇ, ನಾಲ್ಕು ದಿನ ಬೆಟ್ಟದಲ್ಲಿ ನಡೆದು ಆ ಊರು ಸೇರುವುದು.

"ನೀನೂ ಬರ್ತಿದೀಯ. ಹೆಸರು ಕೊಟ್ಟಾಯ್ತು."

"ನಾನಾ? ನಂದಿಬೆಟ್ಟಕ್ಕೇ ಕಾರು ಬೇಕು ನನಗೆ."

"ಸುಮ್ನಿರೇ. ನಡೆಸ್ತೀನಿ ನಿನ್ನ."

ನಮ್ಮ ಯಜಮಾನರ ಮನೆಮಾತು ತೆಲುಗು. "ಆ ಊರಿನ ಹೆಸರಲ್ಲೇ ಪಿಚ್ಚಿ ಇದೆಯಲ್ರೀ" ಅಂತ ಅಕ್ಕನನ್ನು ಕೆಣಕಿದರು. (ಪಿಚ್ಚಿ ಅಂದರೆ ಹುಚ್ಚು.) ಅಕ್ಕ ಬಿಡುತ್ತಾಳೆಯೇ? "ಹೌದು ರಾಯರೇ, ಅಕ್ಕ ತಂಗಿ ಇಬ್ರಿಗೂ ಹಿಡ್ದಿದೆ. ಬಾಗಿಲು ಹಾಕ್ಕೊಳಿ!"

ನಡೆಸಿದಳು. ಭಾನುವಾರ ಬಂತೆಂದರೆ ಬೆಳಗಿನ ಬಸ್ಸಿಗೇ ಚಿಂತಾಮಣಿಯಿಂದ ಬಂದು, ನನ್ನನ್ನು ಎಬ್ಬಿಸಿ, ಕಳವಾರ ಬೆಟ್ಟ ಹತ್ತಿಸುವಳು. (ಬೆಂಗಳೂರಿನ ಹುಡುಗರು ಸ್ಕಂದಗಿರಿ ಅಂತಾರಲ್ಲ, ಅದೇ.) ಅವಳು ಮುಂದೆ, ನಾನು ಹಿಂದೆ. ನಾನು ಬಂಡೆಗೊಂದು ಸಲ ಕೂರುವವಳು. ಅವಳು ಮೇಲೆ ಹೋಗಿ, ಕಡಲೆಕಾಯಿ ಬಿಡಿಸಿ ತಿನ್ನುತ್ತಾ, "ಬಂದ್ಯೇನೇ?" ಅಂತ ಕೂಗುವವಳು.

ಆದ್ದರಿಂದ ಪೆರುವಿನಲ್ಲಿ ಕೈಕೊಡುವುದಿದ್ದರೆ ನಾನೇ ಅಂತ ಎಲ್ಲರೂ ಅಂದುಕೊಂಡಿದ್ದೆವು. ನಾನಂತೂ ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡೇ ಹೋಗಿದ್ದೆ.

ಮೊದಲನೇ ದಿನ ಹಬ್ಬ. ನದಿಯ ಪಕ್ಕದಲ್ಲಿ ಸಲೀಸಾದ ದಾರಿ. ಗೈಡಿನ ಹೆಸರು ವಿಲ್ಮರ್. ಗುಂಡು ಮುಖ, ಬಾಯಿ ತುಂಬ ನಗು. ಪ್ರತಿ ಗುಂಪಿನಿಂದ ಒಂದು ಮಾತು ಕಲಿಯುವುದು ಅವನ ಅಭ್ಯಾಸವಂತೆ. "ನೀವು ಹಿಂದೆ ಉಳಿದರೆ, 'ನಾನು ಬರ್ತಿದ್ದೀನಿ, ಯೋಚನೆ ಮಾಡಬೇಡ' ಅನ್ನೋದಕ್ಕೆ ನಿಮ್ಮ ಭಾಷೆಯಲ್ಲಿ ಏನು?" ಅಂತ ಕೇಳಿದ.

ನಾನೇ ಮುಂದಾಗಿ ಹೇಳಿಕೊಟ್ಟೆ. "ಬರ್ತೀನಿ."

ತಗೊಳ್ಳಿ, ಅದೇ ನಮ್ಮ ಗುಂಪಿನ ಸಿಗ್ನಲ್ ಆಯಿತು. ಮುಂದಿನಿಂದ ಅವನು "ಬರ್ತೀನೀ?" ಅಂತ ರಾಗ ಎಳೆಯುವುದು, ಹಿಂದಿನಿಂದ ಉಸ್ಸೆನ್ನುತ್ತಾ ನಾವು "ಬರ್ತೀನಿ!" ಅನ್ನುವುದು. ಬೆಂಗಳೂರಿನವರೂ, ಸಾಮಾನು ಹೊರುವವರೂ ಕಲಿತರು. ಎರಡು ದಿನದಲ್ಲಿ ಆ ಮಾತು ನನ್ನ ಕಿವಿಯಲ್ಲೂ ಹಾಗೇ ಕೂತುಬಿಟ್ಟಿತು. ಬರ್ತೀನಿ ಅಂದರೆ ಹಿಂದೆ ಇದ್ದೇನೆ, ಬಂದು ಸೇರುತ್ತೇನೆ ಅಂತ. ಅಷ್ಟೇ.

ಎರಡನೇ ದಿನ ಎರಡು ಶಿಖರಗಳ ನಡುವಿನ ದೊಡ್ಡ ಘಟ್ಟ ಹತ್ತಿ ದಾಟಬೇಕು. ಆ ದಾರಿಯಲ್ಲೆಲ್ಲಾ ಅದೇ ಎತ್ತರದ ಜಾಗ. ಬೆಳಿಗ್ಗೆಯೇ ಅಕ್ಕ ತಲೆನೋವು ಅಂದಳು. ಹುರಿಹಿಟ್ಟು ಕಲಸಿ ಕೊಟ್ಟೆ, ವಾಂತಿಯಾಯಿತು. ಅಲ್ಲಿಯ ಜನ ಕುಡಿಯುವ ಎಲೆಯ ಕಷಾಯ ಕೊಟ್ಟರು, ಅದೂ ನಿಲ್ಲಲಿಲ್ಲ. ನಾಲ್ಕು ಹೆಜ್ಜೆ, ಕೂರುವುದು. ನಾಲ್ಕು ಹೆಜ್ಜೆ, ಕೂರುವುದು. ತುಟಿ ನೀಲಿಗೆ ತಿರುಗಿತ್ತು. ಕಳವಾರ ಬೆಟ್ಟದ ಮೇಲೆ ಕಡಲೆಕಾಯಿ ತಿನ್ನುತ್ತಿದ್ದವಳು! ಎತ್ತರಕ್ಕೆ ಯಾರು ಗಟ್ಟಿ, ಯಾರು ಸೋಮಾರಿ ಎಂಬ ಭೇದ ಇಲ್ಲವಂತೆ. ನನಗೆ ಉಬ್ಬಸ ಬಿಟ್ಟರೆ ಏನೂ ಆಗಿರಲಿಲ್ಲ.

ವಿಲ್ಮರ್ ಅವಳ ನಾಡಿ ನೋಡಿದ. ನಗು ನಿಂತಿತು. "ಮೇಡಂ, ನೀವು ಇಳಿಯಬೇಕು. ಈಗಲೇ."

ದಾರಿಯನ್ನೂ ಅವನೇ ಹೇಳಿದ. ಅಕ್ಕ ಅವನ ಸಹಾಯಕನ ಜೊತೆ ನಿಧಾನವಾಗಿ ಇಳಿದು, ಕೆಳಗಿನ ರೈಲ್ವೆ ಸ್ಟೇಷನ್ನಿನ ಊರಿನಲ್ಲಿ ಹೋಟೆಲಿನಲ್ಲಿ ಸುಧಾರಿಸಿಕೊಳ್ಳಲಿ. ಕೆಳಗೆ ಹೋದರೆ ತಾನೇ ಸರಿಹೋಗುತ್ತದೆ. ನಾವು ತಲುಪುವ ದಿನ ಬೆಳಿಗ್ಗೆ ರೈಲು ಹತ್ತಿ, ಆಮೇಲೆ ಬಸ್ಸು ಹಿಡಿದರೆ ಸೀದಾ ಮಾಚು ಪಿಚ್ಚುವಿನ ಗೇಟು. ಬೇಕಾದರೆ ಟಿಕೆಟ್ ಹೋಟೆಲಿಗೇ ಬರುತ್ತದೆ.

"ಅಯ್ಯೋ ಬೇಡಪ್ಪ, ಯಾಕೆ ಸುಮ್ನೆ ತೊಂದ್ರೆ" ಅಂದಳು ಅಕ್ಕ, ಇಂಗ್ಲಿಷ್ ಕನ್ನಡ ಬೆರೆಸಿ.

"ನಾನೂ ಇಳೀತೀನಿ ಅಕ್ಕ" ಅಂದೆ.

"ನೀನ್ಯಾಕೆ ಇಳೀತೀಯ? ಇಷ್ಟು ಹತ್ಸಿರೋದು ಇಳಿಯೋಕಾ? ನಡಿ, ನಡಿ."

ನನ್ನ ಮಫ್ಲರು ಸರಿಮಾಡಿದಳು. ಕೈ ಹಿಡಿದುಕೊಂಡಳು. "ಹುಷಾರು. ಬರ್ತೀನಿ ಕಣೇ."

"ಸರಿ ಅಕ್ಕ" ಅಂದೆ.

ಅವಳು ಇನ್ನೂ ಒಂದು ಗಳಿಗೆ ಕೈ ಬಿಡಲಿಲ್ಲ. ನನ್ನ ಮುಖ ನೋಡಿದಳು. ಆಮೇಲೆ ಬಿಟ್ಟಳು. ಮೇಲಿನಿಂದ ಯಾರೋ "ಬರ್ತೀನೀ?" ಅಂತ ಕೂಗಿದರು. ನಾನು "ಬರ್ತೀನಿ!" ಅಂತ ಉತ್ತರ ಕೊಟ್ಟು ಹತ್ತತೊಡಗಿದೆ.

ಅಕ್ಕ ರೈಲಿನಲ್ಲಿ ಬರುತ್ತಾಳೆ ಎಂಬ ಒಂದೇ ಧೈರ್ಯದಲ್ಲಿ ಉಳಿದ ದಾರಿ ನಡೆದೆ. ನೋಡಿದ್ದನ್ನೆಲ್ಲಾ ಅವಳಿಗೆ ಹೇಳಬೇಕೆಂದು ಗಂಟು ಕಟ್ಟಿಕೊಳ್ಳುತ್ತಾ ಹೋದೆ. ಕಲ್ಲಿನ ಕಾಲುವೆ, ಮರಕ್ಕೆ ಜೋತುಬಿದ್ದ ಪಾಚಿ, ಆ ಎತ್ತರದಲ್ಲೂ ಬಿಸಿಬಿಸಿ ಸೂಪು ಕೊಟ್ಟ ಅಡಿಗೆಯವರು. ಕೊನೆಯ ಬೆಳಿಗ್ಗೆ ಬೆಟ್ಟದ ನೆತ್ತಿಯ ಬಾಗಿಲಿಗೆ ಬಂದೆವು. ಅಲ್ಲಿಂದ ಇಡೀ ಊರು ಕೆಳಗೆ ಕಾಣಬೇಕು. ಮಂಜು. ಬರೀ ಮಂಜು. ಪರವಾಗಿಲ್ಲ, ಅಕ್ಕ ಬಂದ ಮೇಲೆ ಒಟ್ಟಿಗೆ ನೋಡಿದರಾಯಿತು ಅಂತ ಇಳಿದೆ.

ವಿಲ್ಮರ್ ಗುಂಪನ್ನು ಒಳಗೆ ಕರೆದುಕೊಂಡು ಹೋದ. ನಾನು ಗೇಟಿಗೆ ಬಂದೆ.

ಉಳಿದದ್ದು ನಿಮಗೆ ಗೊತ್ತು. ಬಸ್ಸು, ಬಸ್ಸು, ಬಸ್ಸು. ಮಂಜು ಯಾವಾಗ ಹರಿಯಿತೋ, ಬಿಸಿಲು ಯಾವಾಗ ಬಂತೋ, ನನ್ನ ಬೆನ್ನ ಹಿಂದೆ ಆಗಿಹೋಯಿತು. ವಿಲ್ಮರ್ ಎರಡು ಸಲ ಬಂದು ಕರೆದ. "ಇನ್ನೊಂದು ಬಸ್ಸು ನೋಡ್ತೀನಿ" ಅಂದೆ. ಕೊನೆಗೆ ಎಲ್ಲರೂ ಹೊರಡುವ ಹೊತ್ತಿಗೆ ಅವನೇ ತೋಳು ಹಿಡಿದು ಒಳಗೆ ಕರೆದೊಯ್ದು, ಒಂದು ಗೋಡೆ, ನಾಲ್ಕು ಮೆಟ್ಟಿಲು ಹೊಲ ತೋರಿಸಿದ. ಕಲ್ಲಿನ ಸಂದಿನಲ್ಲಿ ನನ್ನ ಉಗುರೂ ಹೋಗಲಿಲ್ಲ. ಅಕ್ಕ ಹೇಳಿದ್ದು ನಿಜ ಅಂದುಕೊಂಡೆ. ಅಷ್ಟೇ ನನ್ನ ಮಾಚು ಪಿಚ್ಚು.

ಸಂಜೆಯ ರೈಲಿನಲ್ಲಿ ಅಕ್ಕ ಇದ್ದ ಊರಿಗೆ ಬಂದು ಓಡೋಡಿ ಹೋಟೆಲಿಗೆ ಹೋದೆ. ಅಕ್ಕ ಜಡೆ ಹಾಕಿಕೊಂಡು, ಮುಖ ತೊಳೆದು, ಕಿಟಕಿಯ ಹತ್ತಿರ ಕೂತಿದ್ದಳು. ಚೆನ್ನಾಗಿದ್ದಳು. ತುಟಿಗೆ ಬಣ್ಣ ಬಂದಿತ್ತು.

"ಬಂದ್ಯಾ? ಹೆಂಗಿತ್ತೇ? ಬೇಗ ಹೇಳು, ಬೇಗ ಹೇಳು!"

"ಏನು ಹೇಳ್ಲಿ? ಗೇಟಲ್ಲಿ ನಿಂತಿದ್ದೆ."

"ಯಾಕೆ? ಒಳಗೆ ಬಿಡ್ಲಿಲ್ವಾ?"

"ನೀನು ಬರ್ತೀನಿ ಅಂದ್ಯಲ್ಲ!"

ಅಕ್ಕ ನನ್ನನ್ನೇ ನೋಡಿದಳು. ನಗಬೇಕೋ ಬೈಯಬೇಕೋ ತಿಳಿಯದ ಮುಖ. "ಬರ್ತೀನಿ ಅಂದ್ರೆ ಹೊರಟೆ ಅಂತ ಕಣೇ! ಹೋಗ್ತೀನಿ ಅಂತ ಬಾಯಲ್ಲಿ ಅಂತಾರೇನೇ, ಅದೂ ಬೆಟ್ಟದ ಮೇಲೆ, ಬಿಟ್ಟು ಹೋಗೋವಾಗ? ಕನ್ನಡ ಮರ್ತೋಯ್ತಾ ನಿನಗೆ?"

ಮರೆತಿತ್ತು. ಹುಟ್ಟಿದಾಗಿನಿಂದ ಹೊಸ್ತಿಲು ದಾಟುವಾಗಲೆಲ್ಲಾ ನಾನೇ ಹೇಳುವ ಮಾತು. ಎರಡು ದಿನದ ಸಿಗ್ನಲ್ಲಿಗೆ ಅದರ ಅರ್ಥ ಮರೆತಿದ್ದೆ.

"ಮತ್ತೆ ಟಿಕೆಟ್?"

"ಬಂತು. ನೋಡು, ಕವರಲ್ಲೇ ಇದೆ. ರೈಲು ಕೂಗಿದ್ದೂ ಇಲ್ಲಿಗೇ ಕೇಳಿಸ್ತು."

"ಹತ್ತಬಾರ್ದಾಗಿತ್ತಾ ಅಕ್ಕ? ಹುಷಾರಾಗಿದ್ದೀಯಲ್ಲ!"

ಆಗ ಹೇಳಿದಳು. ಮೆಲ್ಲಗೆ ಹೇಳಿದಳು. "ಯಾರು ಕರೆದ್ರು? ನನ್ನ ಇಳಿಸ್ಕೊಂಡು ಬಂದ ಹುಡ್ಗ ಒಂದು ಸಲ 'ಟ್ರೈನ್, ಮೇಡಂ?' ಅಂದ. ಬೇಡಪ್ಪ ಅಂದೆ. 'ಓಕೆ ಮೇಡಂ' ಅಂತ ಹೊರಟೇಹೋದ. ಒಂದೇ ಸಲಕ್ಕೆ! ಹೋಗ್ಲಿ, ಅವನಿಗೇನು ಗೊತ್ತು. ನೀನು? ಬರ್ತೀನಿ ಕಣೇ ಅಂದ್ರೆ ಸರಿ ಅಕ್ಕ ಅಂದೆ. ನಮ್ಮನೆಗೆ ಬಂದೋರು ಬರ್ತೀನಿ ಅಂದ್ರೆ ಬನ್ನಿ ಅನ್ನದೆ ಸರಿ ಅಂತ ಕಳಿಸ್ತೀಯೇನೇ? ನೀವೆಲ್ಲಾ ನಡ್ಕೊಂಡು ಬಂದಿರ್ತೀರ, ನಾನು ಬಸ್ಸಲ್ಲಿ ಬಂದು ಇಳಿಯೋದು ನನಗೂ ನಾಚಿಕೆ ಅಲ್ವಾ? ನೀನು ಬಾ ಅಂದಿದ್ರೆ ಬರ್ತಿದ್ದೆ."

ಮಾರನೇ ಬೆಳಿಗ್ಗೆ ವಾಪಸ್ ವಿಮಾನ. ಇನ್ನೇನೂ ಮಾಡುವ ಹಾಗಿರಲಿಲ್ಲ.

ಬಂದಾಗಿನಿಂದ ಇದನ್ನೇ ಯೋಚಿಸುತ್ತಿದ್ದೇನೆ. ನಾವೆಂಥ ಜನ ನೋಡಿ. ಬೇಡ ಅಂದರೆ ನಮ್ಮಲ್ಲಿ ಬೇಡ ಅಂತ ಅರ್ಥವಲ್ಲ, ಇನ್ನೊಂದು ಸಲ ಕೇಳು ಅಂತ ಅರ್ಥ. ಕಾಫಿ ಬೇಡ ಅಂದವರಿಗೆ ಲೋಟ ಕೈಗಿಟ್ಟೇ ಇಡುತ್ತೇವೆ. ಮದುವೆಯ ಕಾರ್ಡು ಪೋಸ್ಟಿನಲ್ಲಿ ಬಂದರೆ "ಕುಂಕುಮ ಇಟ್ಟು ಕರೀಲಿಲ್ಲ" ಅಂತ ಮನೆಯಲ್ಲೇ ಉಳಿಯುತ್ತೇವೆ. ಟಿಕೆಟ್ಟೂ ಒಂದು ಕಾರ್ಡೇ ಅಲ್ಲವೇ ಅಕ್ಕನ ಪಾಲಿಗೆ?

ಈ ಒತ್ತಾಯ ನನಗೆ ಈಚೆಗೆ ಕಿರಿಕಿರಿಯಾಗಿತ್ತು, ನಿಜ ಹೇಳುತ್ತೇನೆ. ಶಿಡ್ಲಘಟ್ಟದ ಚಿಕ್ಕಮ್ಮನ ಮನೆಯಲ್ಲಿ ಎಲೆಗೆ ಕೈ ಅಡ್ಡ ಹಿಡಿದರೂ ಸಂದಿಯಲ್ಲಿ ಹೋಳಿಗೆ ಬೀಳಿಸುತ್ತಾರೆ. ಯಾಕಪ್ಪಾ ಇದು ಅನ್ನಿಸುತ್ತಿತ್ತು. ಬೇಡ ಅಂದವರನ್ನು ಬಲವಂತ ಮಾಡದಿರುವುದೇ ಡೀಸೆಂಟು ಅಂತ ಕಲಿತಿದ್ದೆ. ಈಗ ಎಸ್ಸೆಮ್ಮೆಸ್ಸಿನಲ್ಲೇ ಗೃಹಪ್ರವೇಶಕ್ಕೆ ಕರೆಯುತ್ತೇವೆ. ಬರಲಾಗುವುದಿಲ್ಲ ಅಂತ ಉತ್ತರ ಬಂದರೆ 'ಓಕೆ' ಅಂತ ಒತ್ತಿ ಮುಗಿಸುತ್ತೇವೆ. ಯಾರಿಗೂ ತೊಂದರೆಯಿಲ್ಲ. ಆದರೆ ಎಷ್ಟು ಜನ ಹೀಗೆ ನಮ್ಮ ಇನ್ನೊಂದು ಮಾತಿಗೆ ಕಾದು, ಬಾರದೆ ಉಳಿದಿದ್ದಾರೋ?

ಮೊನ್ನೆ ಚಿಂತಾಮಣಿಗೆ ಹೋಗಿದ್ದೆ. ಅಕ್ಕ ಮನೆಯಲ್ಲಿ ಪೇಪರ್ ತಿದ್ದುತ್ತಿದ್ದಳು. ಎತ್ತರದ ಜಾಗಕ್ಕೆ ಇನ್ನು ಹೋಗಲೇಬಾರದು ಅಂತ ಡಾಕ್ಟರು ಹೇಳಿದ್ದಾರಂತೆ.

"ಇಂಕಾ ಪಾಠ ಬಂತಾ ಅಕ್ಕ?" ಅಂದೆ.

"ಬಂತು. ಒಬ್ಬಳ ಕೈಲಿ ಓದಿಸಿದೆ. ಒಂದು ಪ್ಯಾರಾ ತಾನೆ."

"ಯಾರೂ ಕೇಳ್ಲಿಲ್ವಾ?"

"ಕೇಳಿದ್ರು. ನೋಡಿದ್ರಾ ಮಿಸ್ ಅಂದ್ರು." ಪೆನ್ನಿನ ಮುಚ್ಚಳ ಹಾಕಿದಳು. "ಮೊದಲಾದ್ರೆ ನೋಡ್ತೀನಿ ಅಂತಿದ್ದೆ."

ಕಾಫಿ ತರುತ್ತೇನೆಂದು ಎದ್ದು ಒಳಗೆ ಹೋದಳು. ನಾನು ಕೂತೇ ಇದ್ದೆ. ನೋಡದೆಯೇ ಕಣ್ಣಿಗೆ ಕಟ್ಟುವಂತೆ ಹೇಳುತ್ತಿದ್ದ ಊರನ್ನು ಅವಳು ಬಾಗಿಲವರೆಗೆ ಹೋಗಿ ಕಳೆದುಕೊಂಡು ಬಂದಿದ್ದಳು.

ಅಷ್ಟು ಎತ್ತರದಲ್ಲಿ ಉಸಿರಿಗೆ ಕಷ್ಟ, ಒಪ್ಪಿದೆ; ಆದರೆ 'ಬಾ' ಅನ್ನುವ ಒಂದಕ್ಷರಕ್ಕೆ ಎಷ್ಟು ಉಸಿರು ಬೇಕಾಗಿತ್ತು?