ಬಿದಿರಿನ ತೋಪಿನಲ್ಲಿ ಯಲ್ಲಪ್ಪ

ತೊಂಬತ್ತರ ದಶಕದ ಮಾತು. ಪುಣೆ ಹತ್ತಿರದ ಪಿಂಪ್ರಿಯ ನಮ್ಮ ಕಾರ್ಖಾನೆಯವರು ಹೊಸ ಯಂತ್ರದ ತರಬೇತಿಗೆಂದು ನನ್ನನ್ನೂ ಯಲ್ಲಪ್ಪನನ್ನೂ ಜಪಾನಿಗೆ ಕಳಿಸಿದ್ದರು. ಒಂದು ಭಾನುವಾರ ಇಬ್ಬರೂ ಕ್ಯೋಟೋದ ಅರಶಿಯಾಮಾಕ್ಕೆ ಹೋದೆವು. ಹೊಳೆಯ ದಂಡೆ, ದೇವಸ್ಥಾನಗಳು, ಮುಗಿಲು ಮುಚ್ಚುವಷ್ಟು ಎತ್ತರದ ಬಿದಿರು. ಎಲ್ಲರೂ ತಲೆಯೆತ್ತಿ ನೋಡುತ್ತಿದ್ದರೆ ಯಲ್ಲಪ್ಪ ಬೇಲಿಯಾಚೆ ಕೈ ಚಾಚಿ ಒಂದು ಬಿದಿರನ್ನು ತಟ್ಟಿ ನೋಡತೊಡಗಿದ. ಬುಟ್ಟಿ ಹೆಣೆಯುವ ಮನೆತನದವನು ಅವನು.

“ಇದು ಭಾಳ ಬಲತದ ರೀ. ಬುಟ್ಟಿಗೆ ಆಗೂದಿಲ್ಲ,” ಅಂದ.

“ಕೈ ತಗಿಯೋ ಮಾರಾಯಾ, ಇಬ್ಬರದೂ ಕೆಲಸ ಹೋಗ್ತದ!” ಎಂದೆ.

ಅಷ್ಟರಲ್ಲಿ ತೋಪು ನೋಡಿಕೊಳ್ಳುವ ಮುದುಕರೊಬ್ಬರು ಗದರುತ್ತ ಬಂದೇಬಿಟ್ಟರು. ನಾನು ಎರಡು ಸಲ ಬಗ್ಗಿ ಕ್ಷಮೆ ಕೇಳಿದೆ. ಯಲ್ಲಪ್ಪ ಬಗ್ಗಲಿಲ್ಲ. ಗಾಳಿಯಲ್ಲೇ ಬಿದಿರು ಸೀಳಿ, ಹತ್ತೂ ಬೆರಳಾಡಿಸಿ ಬುಟ್ಟಿ ಹೆಣೆದು ತೋರಿಸಿದ. ಮುದುಕರು ಅವನ ಕೈ ಹಿಡಿದು ಅಂಗೈಯ ಹಳೆಯ ಗಾಯದ ಗೆರೆಗಳನ್ನು ನೋಡಿದರು. ಆಮೇಲೆ ನಗುತ್ತ ತಮ್ಮ ಅಂಗೈ ಚಾಚಿದರು. ಅಲ್ಲೂ ಅಂಥವೇ ಗೆರೆಗಳು.

ನಮ್ಮನ್ನು ತಮ್ಮ ಶೆಡ್ಡಿಗೆ ಕರೆದೊಯ್ದು ಯಲ್ಲಪ್ಪನ ಕೈಗೆ ಕತ್ತಿ ಕೊಟ್ಟರು. ಮಧ್ಯಾಹ್ನವೆಲ್ಲ ಇಬ್ಬರೂ ಎದುರುಬದುರು ಕೂತು ಹೆಣೆದರು. ಅವರದು ಜಪಾನಿ, ಇವನದು ಕನ್ನಡ. ಆದರೂ ಮಾತು ನಿಲ್ಲಲಿಲ್ಲ. ನಾನು ಚಹಾ ಕುಡಿಯುತ್ತ ಕೂತೆ. ಹೊರಬರುವಷ್ಟರಲ್ಲಿ ದೇವಸ್ಥಾನಗಳೆಲ್ಲ ಬಾಗಿಲು ಹಾಕಿದ್ದವು.

ಪುಣೆಗೆ ಮರಳಿದ ಮೇಲೆ ಸಾಹೇಬರು ಅಲ್ಲಿಯ ದೇವಸ್ಥಾನಗಳು ಹೇಗಿದ್ದವೆಂದು ಕೇಳಿದರು. ಯಲ್ಲಪ್ಪ ಒಂಚೂರೂ ತಡವರಿಸದೆ, ಒಳಗೆ ಬಹಳ ತಂಪಾಗಿತ್ತು ಎಂದ. ನಾನೂ ತಲೆಯಾಡಿಸಿದೆ. ಶೆಡ್ಡು ನಿಜಕ್ಕೂ ತಂಪಾಗಿತ್ತು.