ಕೆಂಪು ಹೊಂಡದ ಡಬ್ಬಿ

ನಮ್ಮ ಭಾವನಿಗೆ ನೀರು ಕಾಯುವ ಕೆಲಸ. ಹಾಗೆಂದರೆ ಜನ ನಗುತ್ತಾರೆ, ಆದರೆ ಉಪ್ಪಿನ ಕಂಪನಿ ಅದಕ್ಕೇ ಸಂಬಳ ಕೊಡುತ್ತಿತ್ತು. ಕಡಲಿನ ನೀರನ್ನು ಒಂದು ಹೊಂಡಕ್ಕೆ ಬಿಡಬೇಕು; ಬಿಸಿಲಿಗೆ ಬತ್ತಿ ಗಟ್ಟಿಯಾದ ಮೇಲೆ ತೂಬಿನ ಚಕ್ರ ತಿರುಗಿಸಿ ಇನ್ನೊಂದಕ್ಕೆ ಸಾಗಿಸಬೇಕು. ದಿನವಿಡೀ ಉಪ್ಪುಗಾಳಿ ಕುಡಿದು ಅವರ ನಾಲಿಗೆ ಸತ್ತುಹೋಗಿತ್ತು. ಮನೆಗೆ ಬಂದರೆ ಯಾವ ಅಡುಗೆಗೂ ಉಪ್ಪು ಸಾಲದು ಎನ್ನುವವರು. ಅಕ್ಕ ಉಪ್ಪಿನ ಭರಣಿಯನ್ನೇ ತಂದು ತಟ್ಟೆಯ ಪಕ್ಕ ಕುಕ್ಕಿ ಒಳಗೆ ಹೋಗುತ್ತಿದ್ದಳು.

ಅಕ್ಕನಿಗೆ ಬೇರೆಯೇ ಹುಚ್ಚು. ಹೊಂಡಗಳ ಏರಿಗಳ ಮೇಲೆ, ಕಡಲಂಚಿನವರೆಗೂ ಒಂದು ಕಾಲುದಾರಿಯಿದೆ, ಮೂಲೆಗೊಂದು ಬೆಂಚು. ಹಕ್ಕಿ ನೋಡುವವರು, ಗಾಳಿಗೆ ಬರುವವರು ಅಲ್ಲಿ ಓಡಾಡುತ್ತಾರೆ. ಆ ದಾರಿಯಲ್ಲಿ ಡಬ್ಬಿ ಬಚ್ಚಿಡುವ ಆಟವೊಂದು ನಡೆಯುತ್ತದೆ. ಕೈಯಾರೆ ಕೊರೆದ ರಬ್ಬರ್ ಮುದ್ರೆಯನ್ನೂ ಪುಟ್ಟ ಪುಸ್ತಕವನ್ನೂ ಡಬ್ಬಿಯಲ್ಲಿ ಹಾಕಿ ಕಲ್ಲಿನ ಸಂದಿಯಲ್ಲಿಟ್ಟು, ಸುಳಿವನ್ನು ಮಾತ್ರ ಹೊರಗೆ ಬಿಡುವುದು. ಹುಡುಕಿದವರು ಆ ಮುದ್ರೆಯನ್ನು ತಮ್ಮ ಪುಸ್ತಕದಲ್ಲಿ, ತಮ್ಮ ಮುದ್ರೆಯನ್ನು ಡಬ್ಬಿಯ ಪುಸ್ತಕದಲ್ಲಿ ಒತ್ತಿ, ಡಬ್ಬಿಯನ್ನು ಇದ್ದಲ್ಲೇ ಇಟ್ಟು ಹೋಗಬೇಕು. ಇಷ್ಟೇ ಆಟ. ಅದಕ್ಕೆ ಅಕ್ಕ ಅಡುಗೆಮನೆಯ ಕಿಟಕಿಯ ಬಳಿ ಕೂತು, ಪೆನ್ಸಿಲ್ ಅಳಿಸುವ ರಬ್ಬರಿನಲ್ಲಿ ಬ್ಲೇಡಿನ ತುದಿಯಿಂದ ಏಡಿ, ಕೊಕ್ಕರೆ, ತೂಬಿನ ಚಕ್ರ ಕೊರೆಯುತ್ತಿದ್ದಳು. ಒಲೆಯ ಮೇಲೆ ಅನ್ನ ಸೀಯುತ್ತಿದ್ದರೂ ತಲೆ ಎತ್ತುತ್ತಿರಲಿಲ್ಲ.

"ನೀವೂ ಒಂದ್ಸಲ ಬಂದು ಹುಡುಕಿ," ಎಂದು ಭಾವನನ್ನು ಕರೆಯುತ್ತಿದ್ದಳು.

"ದಿನಾ ಆ ಏರಿ ಮೇಲೇ ಸಾಯ್ತೀನಿ. ರಜಾ ದಿನಾನೂ ಅಲ್ಲಿಗೇ ಬಾ ಅಂದ್ರೆ ಹೇಗೆ ಮಾರಾಯ್ತಿ?"

ತನ್ನ ಕಾಯಿಲೆ ಗೊತ್ತಾದ ಮೇಲೆ ಒಂದು ದಿನ ಅಕ್ಕ ನನ್ನನ್ನು ಕರೆದುಕೊಂಡು ಹೊರಟಳು. ಹೊಂಡಗಳ ಗೇಟಿನ ಬಳಿ ನನ್ನನ್ನು ಕೂರಿಸಿ, "ನೀನು ಬರ್ಬೇಡ, ನಿನ್ನ ಬಾಯಲ್ಲಿ ಮಾತು ನಿಲ್ಲಲ್ಲ," ಎಂದು ಒಬ್ಬಳೇ ಹೋದಳು. ಏದುಸಿರು ಬಿಡುತ್ತಾ ವಾಪಸ್ ಬಂದಳು. ಆದರೂ ಸಂಜೆ ತಡೆಯಲಾರದೆ ಭಾವನಿಗೆ ನನ್ನೆದುರೇ ಹೇಳಿದಳು: "ಇದು ನಿಮಗೆ ಮಾತ್ರ ಇಟ್ಟಿದ್ದು. ಕೆಂಪು ಹೊಂಡದ ಏರಿ ತಿರುಗೋ ಮೂಲೆ, ಬೆಂಚಿನ ಕೆಳಗಿನ ಚಪ್ಪಡಿ."

"ಆಗ್ಲಿ, ಬಿಡುವಾದಾಗ ನೋಡೋಣ," ಎಂದು ಭಾವ ಕೈ ತೊಳೆಯಲು ಎದ್ದರು.

ಬಿಡುವಾಗಲಿಲ್ಲ. ಮರುವರ್ಷ ಅಕ್ಕ ಹೋದಳು. ಭಾವ ಅಳಲಿಲ್ಲ. ರಜೆ ಮುಗಿದ ದಿನ ಕೆಲಸಕ್ಕೆ ಹೋದರು, ಸಂಜೆ ಬಂದರು, ನಾನು ಹೋಗಿ ಮಾಡಿ ಹಾಕಿದ್ದನ್ನು ತಿಂದರು. ಊಟಕ್ಕೆ ಉಪ್ಪಿದೆಯೋ ಇಲ್ಲವೋ ಎಂದು ತುಟಿ ಪಿಟಕ್ಕೆನ್ನಲಿಲ್ಲ. ಒಮ್ಮೆ ನಾನು ಬೇಕೆಂದೇ ಉಪ್ಪೇ ಹಾಕದೆ ಬಡಿಸಿದೆ. ಅದನ್ನೂ ತಿಂದು ಎದ್ದರು. ನನಗೆ ಮೈ ಉರಿದುಹೋಯಿತು. ಈ ಮನುಷ್ಯನಿಗೆ ಕರುಳೇ ಇಲ್ಲ ಎಂದು ಊರೆಲ್ಲ ಹೇಳಿಕೊಂಡು ಬಂದೆ.

ಆಮೇಲೆ ಕಂಪನಿ ಉಪ್ಪು ತೆಗೆಯುವುದನ್ನು ನಿಲ್ಲಿಸಿತು. ಹೊಂಡಗಳನ್ನು ಕಡಲಿಗೇ ಬಿಟ್ಟುಕೊಡುವುದೆಂದಾಯಿತು. ಒಂದೊಂದಾಗಿ ತೂಬುಗಳನ್ನು ಪೂರ್ತಿ ತೆರೆದುಬಿಡುವ ಕೆಲಸವೂ ಭಾವನ ಪಾಲಿಗೇ ಬಂತು. ತೆರೆದ ಕಡೆ ಉಬ್ಬರದ ನೀರು ಏರಿಯನ್ನೂ ಬೆಂಚನ್ನೂ ನುಂಗುತ್ತಿತ್ತು. ಆಟದವರು ಬಂದು ಅಕ್ಕನ ಡಬ್ಬಿಗಳನ್ನು ಎತ್ತಿ ಬೇರೆಡೆ ಇಟ್ಟರು. ಭಾವನದು ಮಾತ್ರ ಉಳಿಯಿತು, ಅದರ ಸುಳಿವು ನಮ್ಮಿಬ್ಬರನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ.

ಒಂದು ದಿನ ಭಾವ ನನ್ನ ಬಾಗಿಲಿಗೆ ಬಂದು ನಿಂತರು. "ಮುಂದಿನ ವಾರ ಕೆಂಪು ಹೊಂಡದ ಸರದಿ. ಅಷ್ಟರೊಳಗೆ ಅವಳ ಡಬ್ಬಿ ತರ್ಬೇಕು. ಬರ್ತೀಯಾ?"

ಅಕ್ಕ ಹೋದ ಮೇಲೆ ಅವರು ಬೇಕೆಂದು ಕೇಳಿದ ಮೊದಲ ವಸ್ತು ಅದು. ನಾನು ಚಪ್ಪಲಿ ಮೆಟ್ಟಿಕೊಂಡು ಹಾಗೇ ಹೊರಟೆ.

ನೀರು ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಮೂಲೆಯಲ್ಲಿ ಬೆಂಚು, ಬೆಂಚಿನ ಕೆಳಗೆ ಚಪ್ಪಡಿ, ಎಲ್ಲ ಸರಿಯಾಗಿತ್ತು. ಇಬ್ಬರೂ ಸೇರಿ ಚಪ್ಪಡಿ ಎತ್ತಿದೆವು. ಕೆಸರು ಬಿಟ್ಟರೆ ಏನೂ ಇರಲಿಲ್ಲ. ನಾನು ಮೊಣಕೈವರೆಗೂ ಕೆದಕಿದೆ, ಪಕ್ಕದ ಕಲ್ಲುಗಳನ್ನೂ ಕಿತ್ತೆ, ಕದ್ದವರ ವಂಶವನ್ನೆಲ್ಲ ಬೈದೆ. ಭಾವ ಬೆಂಚಿನ ಮೇಲೆ ಕೂತು ನೀರನ್ನು ನೋಡುತ್ತಿದ್ದರು.

"ಯಾರೂ ಕದ್ದಿಲ್ಲ," ಎಂದರು. "ಕೆಂಪು ಹೊಂಡ ಅಂತ ಒಂದು ಇರೋದೇ ಇಲ್ಲ. ನೀರು ಗಟ್ಟಿಯಾದಾಗ ಕೆಂಪಾಗುತ್ತೆ, ಹೊಸ ನೀರು ಬಿಟ್ರೆ ಬಣ್ಣ ಹೋಗುತ್ತೆ. ಇದು ಕೆಂಪಾಗಿದ್ದು ಈ ಬೇಸಿಗೇಲಿ. ನಂಗೆ ಈಗ ಹೊಳೀತು."

"ಅಷ್ಟು ಅಕ್ಕಂಗೆ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು. ನಾನು ಆ ವಾರಾನೇ ಬರ್ತೀನಿ ಅಂದ್ಕೊಂಡಿದ್ಲು."

ನಾನು ಬಿಡಲಿಲ್ಲ. "ಹಾಗಾದ್ರೆ ಆವಾಗ ಕೆಂಪಾಗಿದ್ದು ಯಾವುದು? ಏಳಿ ಭಾವ, ಈಗಲೇ ಹೋಗೋಣ."

ಅವರು ಏಳಲಿಲ್ಲ. ದೂರಕ್ಕೆ ಕೈ ತೋರಿಸಿದರು. ಅಲ್ಲಿ ಏರಿಯೂ ಇರಲಿಲ್ಲ, ಹೊಂಡವೂ ಇರಲಿಲ್ಲ. ಕಡಲು ಒಳಗೆ ಬಂದು ಒಂದೇ ನೀರಾಗಿತ್ತು. ಎಲ್ಲಕ್ಕಿಂತ ಮೊದಲು ಭಾವ ತೆರೆದದ್ದು ಆ ತೂಬನ್ನೇ.

ನಾನು ಅಲ್ಲೇ ಕೆಸರುಗೈಯಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಭಾವ ಅಳಲಿಲ್ಲ. ನಾನು ಸುಮ್ಮನಾಗುವವರೆಗೂ ಕಾದರು. ಆಮೇಲೆ, ಕೆಲಸದ ವರದಿ ಒಪ್ಪಿಸುವವರ ಧ್ವನಿಯಲ್ಲಿ ಹೇಳಿದರು:

"ಅದನ್ನ ತೆರೆದ ದಿನ ಚಕ್ರ ತುಕ್ಕು ಹಿಡಿದಿತ್ತು. ಎಷ್ಟು ತಿರುಗಿಸಿದ್ರೂ ಜಗ್ಲಿಲ್ಲ. ಮನೆಗೆ ಹೋಗಿ ಎಣ್ಣೆ ತಂದು ಹಾಕಿ ತಿರುಗಿಸ್ದೆ."